ವೃದ್ಧಾಶ್ರಮವಾಸಿಗಳ ಆರೋಗ್ಯ ಮತ್ತು ಜೀವನ ಗುಣಮಟ್ಟ

ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆಯೋ, ಮನೆಯವರ ಕೈಮೀರಿದ ಶುಶ್ರೂಷೆ ಬೇಕಾಗಿಯೋ ವೃದ್ಧಾಶ್ರಮ ಅಥವಾ ಆರೈಕೆ ಕೇಂದ್ರದಲ್ಲಿ ನೆಲೆಸಿರುವ ಹಿರಿಯರ ದೇಹಸ್ಥಿತಿ, ಮನಃಸ್ಥಿತಿ ಹಾಗೂ ದಿನನಿತ್ಯದ ನೆಮ್ಮದಿಯನ್ನು ಕುರಿತ ಅಧ್ಯಯನ ಮತ್ತು ಸೇವೆಯ ಕ್ಷೇತ್ರ. ವೃದ್ಧರೋಗ ಚಿಕಿತ್ಸೆ, ಶುಶ್ರೂಷಾ ವಿಜ್ಞಾನ, ಮನೋವೈದ್ಯಶಾಸ್ತ್ರ, ಸಮಾಜಶಾಸ್ತ್ರ, ಆಹಾರ ವಿಜ್ಞಾನ, ಕಾನೂನು ಇವೆಲ್ಲ ಇಲ್ಲಿ ಸಂಧಿಸುತ್ತವೆ. ಕರ್ನಾಟಕದಲ್ಲಿ ಖಾಸಗಿ ಚಿಕ್ಕ ಆಸ್ಪತ್ರೆಗಳನ್ನು ನರ್ಸಿಂಗ್ ಹೋಂ ಎನ್ನುವುದು ರೂಢಿ. ಅವನ್ನು ಬಿಟ್ಟು, ಇಲ್ಲಿ ಚರ್ಚಿಸಿರುವುದು ಹಿರಿಯರು ದೀರ್ಘಕಾಲ ವಾಸವಾಗಿರುವ ಸಂಸ್ಥೆಗಳನ್ನು ಮಾತ್ರ.

ಆಸ್ಪತ್ರೆಗೆ ಸೇರಿದವರು ಗುಣವಾದ ಮೇಲೆ ಮನೆಗೆ ಮರಳುತ್ತಾರೆ. ವೃದ್ಧಾಶ್ರಮಕ್ಕೆ ಬಂದವರಲ್ಲಿ ಹೆಚ್ಚಿನವರಿಗೆ ಉಳಿದ ಬದುಕಿಗೆಲ್ಲ ಅದೇ ಮನೆ. ಆದ್ದರಿಂದ ಬಿ.ಪಿ., ಸಕ್ಕರೆ, ತೂಕಗಳ ದಾಖಲೆಯನ್ನಷ್ಟೇ ನೋಡಿ ಅಲ್ಲಿನ ಆರೈಕೆ ಹೇಗಿದೆಯೆಂದು ಹೇಳಲಾಗದು. ಎಷ್ಟು ಹೊತ್ತಿಗೆ ಏಳಬೇಕು, ಏನು ಉಣ್ಣಬೇಕು, ಯಾರ ಜೊತೆ ಕೂರಬೇಕು ಎಂಬುದನ್ನು ನಿರ್ಧರಿಸುವ ಸ್ವಾತಂತ್ರ್ಯ ನಿವಾಸಿಗೆ ಎಷ್ಟು ಉಳಿದಿದೆ ಎಂಬುದೂ ಆರೋಗ್ಯದ ಪ್ರಶ್ನೆಯೇ. ಕಳೆದ ಆರು ದಶಕಗಳ ಅಧ್ಯಯನಗಳು ಬೇರೆ ಬೇರೆ ದಾರಿಗಳಿಂದ ಬಂದು ಮುಟ್ಟಿರುವುದು ಈ ತೀರ್ಮಾನಕ್ಕೆ.

ಇತಿಹಾಸ

ದಿಕ್ಕಿಲ್ಲದ ಮುದುಕರಿಗೆ ಅನ್ನ, ಆಸರೆ ಕೊಡುವ ಕೆಲಸವನ್ನು ಅನೇಕ ಸಮಾಜಗಳಲ್ಲಿ ಮೊದಲು ವಹಿಸಿಕೊಂಡವು ಧಾರ್ಮಿಕ ಸಂಸ್ಥೆಗಳು. ಫ್ರಾನ್ಸಿನ ಜಾನ್ ಜ್ಯುಗಾನ್ 1839ರಲ್ಲಿ ಕಣ್ಣು ಕಾಣದ ಒಬ್ಬ ವೃದ್ಧೆಯನ್ನು ತನ್ನ ಬಾಡಿಗೆ ಕೋಣೆಗೆ ಕರೆತಂದು ಆರೈಕೆ ಮಾಡಿದ್ದರಿಂದ ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್ ಎಂಬ ಸಂನ್ಯಾಸಿನಿಯರ ಸಭೆ ಬೆಳೆಯಿತು. ಈ ಸಭೆ 1882ರಲ್ಲಿ ಕಲ್ಕತ್ತೆಗೆ ಬಂತು. ಅನಂತರ ಬೆಂಗಳೂರಿನಲ್ಲೂ ವೃದ್ಧರಿಗಾಗಿ ಮನೆ ತೆರೆಯಿತು.

ಇಂಗ್ಲೆಂಡಿನಲ್ಲಿ ಬಡ ವೃದ್ಧರ ಪಾಲಿಗೆ ಬಹುಕಾಲ ಇದ್ದದ್ದು ಬಡವರ ದುಡಿಮೆಮನೆಗಳು. ಎರಡನೆಯ ಮಹಾಯುದ್ಧದ ಬಳಿಕ ಅವುಗಳನ್ನು ಮುಚ್ಚಿ ಮಾನವೀಯವಾದ ನಿವಾಸಗಳನ್ನು ಕಟ್ಟುವ ಮಾತು ಬಂದರೂ, ಸಮಾಜಶಾಸ್ತ್ರಜ್ಞ ಪೀಟರ್ ಟೌನ್ಸೆಂಡ್ ಇಂಗ್ಲೆಂಡ್ ಮತ್ತು ವೇಲ್ಸ್‌ನ 173 ಸಂಸ್ಥೆಗಳನ್ನು ಸುತ್ತಿ ನೋಡಿದಾಗ ಹಳೆಯ ಕಟ್ಟಡ, ಹಳೆಯ ಶಿಸ್ತು ಎರಡೂ ಹಾಗೆಯೇ ಉಳಿದಿದ್ದವು. ಅವರ ವರದಿ 1962ರಲ್ಲಿ ಪುಸ್ತಕವಾಗಿ ಹೊರಬಂತು. ಅದಕ್ಕೆ ಒಂದು ವರ್ಷ ಮೊದಲು ಅರ್ವಿಂಗ್ ಗಾಫ್‌ಮನ್, ನಿದ್ರೆ, ಕೆಲಸ, ಬಿಡುವು ಮೂರೂ ಒಂದೇ ಸೂರಿನಡಿ ಒಂದೇ ಅಧಿಕಾರಕ್ಕೆ ಒಳಪಟ್ಟು ನಡೆಯುವ ಸಂಸ್ಥೆಗಳಲ್ಲಿ ಮನುಷ್ಯನ ಸ್ವಂತಿಕೆ ಹೇಗೆ ಕರಗುತ್ತದೆ ಎಂದು ವಿವರಿಸಿದ್ದರು. ವೃದ್ಧರ ನಿವಾಸಗಳನ್ನೂ ಅವರು ಈ ಪಟ್ಟಿಯಲ್ಲಿ ಸೇರಿಸಿದ್ದರು.

ಅಮೆರಿಕದಲ್ಲಿ 1965ರ ಮೆಡಿಕೇರ್ ಮತ್ತು ಮೆಡಿಕೇಡ್ ಯೋಜನೆಗಳಿಂದ ಸರ್ಕಾರದ ಹಣ ಹರಿದುಬಂದು ಆರೈಕೆ ಕೇಂದ್ರಗಳು ವೇಗವಾಗಿ ಹೆಚ್ಚಿದವು. ಅವುಗಳೊಂದಿಗೆ ದೂರುಗಳೂ ಹೆಚ್ಚಿದವು. ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 1986ರಲ್ಲಿ ಕೊಟ್ಟ ವರದಿಯನ್ನು ಅನುಸರಿಸಿ 1987ರಲ್ಲಿ ಸುಧಾರಣಾ ಕಾನೂನು ಬಂತು. ನಿವಾಸಿಗಳನ್ನು ಕುರ್ಚಿಗೋ ಮಂಚಕ್ಕೋ ಕಟ್ಟಿಹಾಕುವುದಕ್ಕೆ, ಶಾಂತವಾಗಿರಲೆಂದು ಮಂಕುಬರಿಸುವ ಮಾತ್ರೆ ಕೊಡುವುದಕ್ಕೆ ಕಡಿವಾಣ ಬಿದ್ದಿತು. ಪ್ರತಿಯೊಬ್ಬ ನಿವಾಸಿಯ ಸ್ಥಿತಿಯನ್ನು ನಿಗದಿತ ನಮೂನೆಯಲ್ಲಿ ಕಾಲಕಾಲಕ್ಕೆ ದಾಖಲಿಸುವುದು ಕಡ್ಡಾಯವಾಯಿತು. ಜರ್ಮನಿ 1995ರಲ್ಲಿ, ಜಪಾನ್ 2000ದಲ್ಲಿ ದೀರ್ಘಕಾಲದ ಆರೈಕೆಗೆಂದೇ ಸಾಮಾಜಿಕ ವಿಮೆಯನ್ನು ಜಾರಿಗೆ ತಂದವು.

ದೇಹದ ಆರೋಗ್ಯ

ವೃದ್ಧಾಶ್ರಮಕ್ಕೆ ಬರುವವರಲ್ಲಿ ಒಂದೇ ಕಾಯಿಲೆಯಿರುವವರು ಅಪರೂಪ. ಸಕ್ಕರೆ ಕಾಯಿಲೆ, ಏರಿದ ರಕ್ತದೊತ್ತಡ, ಮಂಡಿನೋವು, ಪಾರ್ಶ್ವವಾಯು, ಪಾರ್ಕಿನ್ಸನ್ ಕಾಯಿಲೆ, ಕಣ್ಣಿನ ಪೊರೆ, ಕಿವುಡು ಇವುಗಳಲ್ಲಿ ಮೂರು ನಾಲ್ಕು ಒಟ್ಟಿಗೆ ಇರುತ್ತವೆ. ಆದರೆ ಆರೈಕೆಯ ಹೊರೆಯನ್ನು ನಿರ್ಧರಿಸುವುದು ಕಾಯಿಲೆಯ ಹೆಸರಿಗಿಂತ ಹೆಚ್ಚಾಗಿ ಆ ವ್ಯಕ್ತಿ ತನ್ನ ಕೆಲಸವನ್ನು ತಾನು ಎಷ್ಟು ಮಾಡಿಕೊಳ್ಳಬಲ್ಲ ಎಂಬುದು. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಇದಕ್ಕೆ ಸರಳ ಅಳತೆಗೋಲನ್ನು ಕೊಟ್ಟರು. ಸ್ನಾನ, ಬಟ್ಟೆ ತೊಡುವುದು, ಶೌಚಕ್ಕೆ ಹೋಗುವುದು, ಹಾಸಿಗೆಯಿಂದ ಎದ್ದು ಕುರ್ಚಿಗೆ ಬರುವುದು, ಮಲಮೂತ್ರಗಳ ಹಿಡಿತ, ಊಟ ಎಂಬ ಆರು ಕೆಲಸಗಳನ್ನು ಅದು ಪರಿಶೀಲಿಸುತ್ತದೆ. ಇಂದಿಗೂ ಆಶ್ರಮಗಳಲ್ಲಿ ಹೊಸಬರನ್ನು ಸೇರಿಸಿಕೊಳ್ಳುವಾಗ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

ಬೀಳುವುದು ಎಲ್ಲಕ್ಕಿಂತ ದೊಡ್ಡ ಭಯ. ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿಯಂತೆ ದೀರ್ಘಕಾಲದ ಆರೈಕೆ ಸಂಸ್ಥೆಗಳ ನಿವಾಸಿಗಳಲ್ಲಿ ಪ್ರತಿವರ್ಷ ಶೇ. 30ರಿಂದ 50ರಷ್ಟು ಮಂದಿ ಬೀಳುತ್ತಾರೆ. ಒದ್ದೆ ಬಚ್ಚಲು, ಮಂದ ಬೆಳಕು, ಸಡಿಲ ಚಪ್ಪಲಿ, ರಾತ್ರಿ ಶೌಚಕ್ಕೆ ಅವಸರದಿಂದ ಏಳುವುದು, ನಿದ್ರೆಮಾತ್ರೆ ಇವು ಸಾಮಾನ್ಯ ಕಾರಣಗಳು. ತೊಡೆಯ ಮೂಳೆ ಮುರಿದರೆ ಅನೇಕರು ಮೊದಲಿನಂತೆ ನಡೆಯಲಾರರು. ಬಿದ್ದಾರೆಂಬ ಹೆದರಿಕೆಯಿಂದ ಸಿಬ್ಬಂದಿ ಅವರನ್ನು ಕೂತಲ್ಲೇ ಕೂರಿಸಿದರೆ ಸ್ನಾಯು ಕರಗಿ, ಬೀಳುವ ಅಪಾಯ ಇನ್ನಷ್ಟು ಹೆಚ್ಚುತ್ತದೆ.

ಹಾಸಿಗೆ ಹಿಡಿದವರಲ್ಲಿ ಬೆನ್ನಿನ ಕೆಳಭಾಗ, ಹಿಮ್ಮಡಿ, ಸೊಂಟದ ಪಕ್ಕಗಳಲ್ಲಿ ಹಾಸಿಗೆ ಹುಣ್ಣು ಏಳುತ್ತದೆ. ಮಗ್ಗುಲು ಬದಲಿಸುತ್ತಿರುವುದು, ಚರ್ಮವನ್ನು ಒಣದಾಗಿಡುವುದು, ಸಾಕಷ್ಟು ಪ್ರೋಟೀನ್ ಕೊಡುವುದು, ಒತ್ತಡ ಹಂಚುವ ಹಾಸಿಗೆ ಬಳಸುವುದು ಇದನ್ನು ಬಹುಮಟ್ಟಿಗೆ ತಡೆಯುತ್ತವೆ. ಆದ್ದರಿಂದಲೇ ಹಾಸಿಗೆ ಹುಣ್ಣಿನ ಪ್ರಮಾಣವನ್ನು ಆರೈಕೆಯ ಗುಣಮಟ್ಟದ ಸೂಚಕವೆಂದು ಎಲ್ಲೆಡೆ ಪರಿಗಣಿಸುತ್ತಾರೆ. ಮೂತ್ರದ ಸೋಂಕು, ಮಲಬದ್ಧತೆ, ನೀರಿನಂಶದ ಕೊರತೆ, ನ್ಯುಮೋನಿಯ ಇತರ ಸಾಮಾನ್ಯ ತೊಂದರೆಗಳು. ಶೌಚಕ್ಕೆ ಪದೇ ಪದೇ ಸಹಾಯ ಕೇಳಲು ಸಂಕೋಚಪಟ್ಟು ನೀರು ಕುಡಿಯುವುದನ್ನೇ ಕಡಿಮೆ ಮಾಡುವ ಹಿರಿಯರು ಎಲ್ಲ ಕಡೆಯೂ ಇದ್ದಾರೆ. ಕೊರತೆ ನೀರಿನದಾದರೂ ಅದರ ಮೂಲ ಸಂಕೋಚದಲ್ಲಿದೆ.

ಬಾಯಿಯ ಸ್ವಚ್ಛತೆಗೆ ಸಿಗಬೇಕಾದ ಗಮನ ಸಿಗುವುದಿಲ್ಲ. ಜಪಾನಿನ 11 ಆರೈಕೆ ಕೇಂದ್ರಗಳಲ್ಲಿ ತಾಕೆಯೋಷಿ ಯೊನೆಯಾಮಾ ಮತ್ತು ಸಂಗಡಿಗರು ಎರಡು ವರ್ಷ ನಡೆಸಿದ ಅಧ್ಯಯನದಲ್ಲಿ, ಪ್ರತಿ ಊಟದ ನಂತರ ಸಿಬ್ಬಂದಿ ಹಲ್ಲುಜ್ಜಿಸಿದ ಗುಂಪಿನಲ್ಲಿ ನ್ಯುಮೋನಿಯ ಕಡಿಮೆ ಕಂಡುಬಂತು. ಬಾಯಿಯ ಸೂಕ್ಷ್ಮಜೀವಿಗಳು ಎಂಜಲಿನೊಂದಿಗೆ ಶ್ವಾಸಕೋಶಕ್ಕೆ ಇಳಿಯುವುದು ನ್ಯುಮೋನಿಯಕ್ಕೆ ಒಂದು ಕಾರಣ.

ಔಷಧಿಗಳ ಸಂಖ್ಯೆ ಇನ್ನೊಂದು ಸಮಸ್ಯೆ. ಒಬ್ಬೊಬ್ಬ ತಜ್ಞರು ಬರೆದುಕೊಟ್ಟ ಮಾತ್ರೆಗಳು ಸೇರುತ್ತಾ ಹೋಗುತ್ತವೆ, ನಿಲ್ಲಿಸಿ ಎನ್ನುವವರು ಇರುವುದಿಲ್ಲ. ವೃದ್ಧರಿಗೆ ಆದಷ್ಟು ಕೊಡಬಾರದ ಔಷಧಿಗಳ ಬಿಯರ್ಸ್ ಪಟ್ಟಿ 1991ರಲ್ಲಿ ಮೊದಲು ಸಿದ್ಧವಾದದ್ದು ಆರೈಕೆ ಕೇಂದ್ರಗಳ ನಿವಾಸಿಗಳಿಗಾಗಿಯೇ.

ಮನಸ್ಸಿನ ಆರೋಗ್ಯ

ಖಿನ್ನತೆ ವೃದ್ಧಾಶ್ರಮಗಳಲ್ಲಿ ವ್ಯಾಪಕವಾಗಿದ್ದರೂ ಬೇಗ ಗುರುತಿಗೆ ಬರುವುದಿಲ್ಲ. ಹಿರಿಯರು ದುಃಖವನ್ನು ದುಃಖವೆಂದು ಹೇಳಿಕೊಳ್ಳುವುದು ಕಡಿಮೆ. ಮೈಕೈ ನೋವು, ಹಸಿವಿಲ್ಲ, ನಿದ್ದೆಯಿಲ್ಲ ಎನ್ನುತ್ತಾರೆ. ವಯಸ್ಸಾದ ಮೇಲೆ ಇವೆಲ್ಲ ಇದ್ದದ್ದೇ ಎಂದು ಉಳಿದವರು ಸುಮ್ಮನಾಗುತ್ತಾರೆ. ಜೆರೋಮ್ ಯೆಸಾವೇಜ್ ಮತ್ತು ಸಂಗಡಿಗರು 1980ರ ದಶಕದಲ್ಲಿ ರೂಪಿಸಿದ ವೃದ್ಧರ ಖಿನ್ನತಾ ಮಾಪನದಲ್ಲಿ ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ 30 ಪ್ರಶ್ನೆಗಳಿವೆ. 15 ಪ್ರಶ್ನೆಗಳ ಕಿರುರೂಪವೂ ಬಳಕೆಯಲ್ಲಿದೆ.

ಮರೆಗುಳಿತನ, ಎಂದರೆ ಡಿಮೆನ್ಷಿಯಾ, ಸಂಸ್ಥೆಯ ಆರೈಕೆಗೆ ಬರಲು ಮುಖ್ಯ ಕಾರಣಗಳಲ್ಲೊಂದು. ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜಿಸಿದೆ. ಇಂಥವರು ಕೂಗಾಡಿದರೆ, ಅಲೆದಾಡಿದರೆ, ಸ್ನಾನಕ್ಕೆ ಒಲ್ಲೆನೆಂದು ಕೈ ತಳ್ಳಿದರೆ ಅದನ್ನು ಹಠವೆಂದು ತಿಳಿದು ಮದ್ದು ಕೊಡುವ ರೂಢಿಯಿತ್ತು. ಡಿಮೆನ್ಷಿಯಾ ಇರುವವರಲ್ಲಿ ಮನೋವಿಕಾರದ ಹೊಸ ಔಷಧಿಗಳು ಸಾವಿನ ಅಪಾಯವನ್ನು ಹೆಚ್ಚಿಸುತ್ತವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿ ಕಟ್ಟೆಚ್ಚರಿಕೆ ಕೊಟ್ಟು, 2008ರಲ್ಲಿ ಅದನ್ನು ಹಳೆಯ ಔಷಧಿಗಳಿಗೂ ವಿಸ್ತರಿಸಿತು. ನಾರ್ವೆಯಲ್ಲಿ ಬೆಟಿನಾ ಹುಸೆಬೊ ಮತ್ತು ಸಂಗಡಿಗರು 352 ನಿವಾಸಿಗಳನ್ನು ಎಂಟು ವಾರ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ಕಣ್ತೆರೆಸುವಂಥದು. ನೋವಿಗೆ ಕ್ರಮವಾಗಿ ಚಿಕಿತ್ಸೆ ಕೊಟ್ಟಾಗ ತಳಮಳ, ಕೂಗಾಟ ಗಣನೀಯವಾಗಿ ತಗ್ಗಿದವು. ಬಹುಪಾಲು ಜನರಿಗೆ ಕೊಟ್ಟದ್ದು ಸಾಧಾರಣ ಪ್ಯಾರಸಿಟಮಾಲ್. ಹೇಳಿಕೊಳ್ಳಲು ಮಾತು ಉಳಿಯದವರು ನೋವನ್ನು ಆ ರೀತಿಯಲ್ಲಿ ತಿಳಿಸುತ್ತಿದ್ದರು.

ಬ್ರಿಟನ್ನಿನ ಟಾಮ್ ಕಿಟ್‌ವುಡ್ 1997ರ ಗ್ರಂಥದಲ್ಲಿ ಡಿಮೆನ್ಷಿಯಾದ ಆರೈಕೆ ಕಾಯಿಲೆಯನ್ನಲ್ಲ, ವ್ಯಕ್ತಿಯನ್ನು ಕೇಂದ್ರವಾಗಿ ಇಟ್ಟುಕೊಳ್ಳಬೇಕೆಂದು ವಾದಿಸಿದರು. ನಿವಾಸಿ ಶಿಕ್ಷಕಿಯಾಗಿದ್ದರೇ, ರೈತ ಹೆಂಗಸೇ, ಯಾವ ಹಾಡು ಇಷ್ಟ, ಯಾವ ಹೊತ್ತಿಗೆ ಕಾಫಿ ಕುಡಿಯುತ್ತಿದ್ದರು ಎಂಬ ವಿವರಗಳು ಈ ಪದ್ಧತಿಯಲ್ಲಿ ಆರೈಕೆಯ ದಾಖಲೆಯ ಭಾಗವೇ ಆಗುತ್ತವೆ.

ಜೀವನ ಗುಣಮಟ್ಟದ ಅಳತೆ

ಜೀವನ ಗುಣಮಟ್ಟವನ್ನು ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ವ್ಯಕ್ತಿಯ ಸ್ವಂತ ದೃಷ್ಟಿಯಿಂದಲೇ ನಿರೂಪಿಸಿತು: ತಾನು ಬಾಳುತ್ತಿರುವ ಸಂಸ್ಕೃತಿ ಮತ್ತು ಮೌಲ್ಯಗಳ ನಡುವೆ, ತನ್ನ ಗುರಿ ಮತ್ತು ನಿರೀಕ್ಷೆಗಳಿಗೆ ತಕ್ಕಂತೆ, ತನ್ನ ಬದುಕು ಹೇಗಿದೆಯೆಂದು ಅವನಿಗೇ ಅನ್ನಿಸುವುದು. ಇದನ್ನು ಅಳೆಯುವ ಸಂಸ್ಥೆಯ ಕಿರು ಪ್ರಶ್ನಾವಳಿಯಲ್ಲಿ 26 ಪ್ರಶ್ನೆಗಳಿದ್ದು ದೇಹ, ಮನಸ್ಸು, ಸಾಮಾಜಿಕ ಸಂಬಂಧ, ಪರಿಸರ ಎಂಬ ನಾಲ್ಕು ವಿಭಾಗಗಳಿವೆ. ಪ್ರಶ್ನಾವಳಿಯನ್ನು ರೂಪಿಸಿದ ಕೇಂದ್ರಗಳಲ್ಲಿ ಚೆನ್ನೈ, ದೆಹಲಿಗಳೂ ಇದ್ದವು. ವೃದ್ಧರಿಗಾಗಿ ಸೇರಿಸಿದ 24 ಪ್ರಶ್ನೆಗಳ ಪೂರಕ ಭಾಗ ಇಂದ್ರಿಯಗಳ ಸಾಮರ್ಥ್ಯ, ಸ್ವಾತಂತ್ರ್ಯ, ಬಾಳಿದ ಬಾಳಿನ ತೃಪ್ತಿ, ಜನರೊಡನೆ ಬೆರೆಯುವಿಕೆ, ಸಾವಿನ ಬಗೆಗಿನ ಭಾವನೆ, ಆಪ್ತತೆ ಇವನ್ನು ವಿಚಾರಿಸುತ್ತದೆ.

ಆರೈಕೆ ಕೇಂದ್ರಗಳಿಗೆಂದೇ ಅಮೆರಿಕದ ರೋಸಲಿ ಕೇನ್ ಮತ್ತು ಸಂಗಡಿಗರು 11 ಅಂಶಗಳನ್ನು ಗುರುತಿಸಿದರು: ದೈಹಿಕ ಹಿತ, ಕಾರ್ಯಸಾಮರ್ಥ್ಯ, ಸ್ವಾತಂತ್ರ್ಯ, ಘನತೆ, ಖಾಸಗಿತನ, ವ್ಯಕ್ತಿವಿಶಿಷ್ಟತೆ, ಅರ್ಥಪೂರ್ಣ ಚಟುವಟಿಕೆ, ಸಂಬಂಧಗಳು, ಸಂತೋಷ, ಸುರಕ್ಷತೆ, ಆಧ್ಯಾತ್ಮಿಕ ನೆಮ್ಮದಿ. ಇವರ ಕೆಲಸದಿಂದ ಸ್ಪಷ್ಟವಾದ ಒಂದು ಮುಖ್ಯ ವಿಷಯವೆಂದರೆ, ನೆನಪಿನ ಶಕ್ತಿ ಸಾಕಷ್ಟು ಕುಂದಿದವರಲ್ಲೂ ಅನೇಕರು ತಮ್ಮ ಬದುಕಿನ ಬಗ್ಗೆ ತಾವೇ ಉತ್ತರ ಹೇಳಬಲ್ಲರು. ಅವರನ್ನು ಕೇಳದೆ ಸಿಬ್ಬಂದಿಯನ್ನೋ ಮಕ್ಕಳನ್ನೋ ಕೇಳಿ ಬರೆದುಕೊಳ್ಳುವ ಉತ್ತರ ನಿವಾಸಿಯ ಅನುಭವಕ್ಕೆ ಸರಿಹೊಂದದೆ ಹೋಗಬಹುದು.

ಸುಧಾರಣೆಯ ಪ್ರಯೋಗಗಳು

ಮುಪ್ಪಿನ ಕುಂದನ್ನು ತಡೆಯಲಾಗದು ಎಂಬ ನಂಬಿಕೆಯನ್ನು ಹಲವು ಪ್ರಯೋಗಗಳು ಅಲುಗಿಸಿವೆ. ಬಾಸ್ಟನ್ನಿನ ಆರೈಕೆ ಕೇಂದ್ರವೊಂದರ 100 ಮಂದಿ ದುರ್ಬಲ ನಿವಾಸಿಗಳ ಮೇಲೆ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ನಿವಾಸಿಗಳ ಸರಾಸರಿ ವಯಸ್ಸು 87. ಹತ್ತು ವಾರ ಕಾಲುಗಳಿಗೆ ಭಾರದ ವ್ಯಾಯಾಮ ಮಾಡಿಸಿದವರ ಸ್ನಾಯುಬಲ ಇಮ್ಮಡಿಗಿಂತ ಹೆಚ್ಚಾಯಿತು, ನಡಿಗೆ ಚುರುಕಾಯಿತು. ಬರೀ ಪೌಷ್ಟಿಕ ಪಾನೀಯ ಕೊಟ್ಟ ಗುಂಪಿನಲ್ಲಿ ಇಂಥ ಲಾಭ ಕಾಣಲಿಲ್ಲ.

ಆಹಾರದ ಶಕ್ತಿಯನ್ನು ತೋರಿಸಿದ್ದು ಆಸ್ಟ್ರೇಲಿಯದ 60 ವೃದ್ಧ ನಿವಾಸಗಳಲ್ಲಿ ಎರಡು ವರ್ಷ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗ. ಹಾಲು, ಮೊಸರು, ಚೀಸ್‌ಗಳನ್ನು ಹೆಚ್ಚಿಸಿದ ನಿವಾಸಗಳಲ್ಲಿ ಮೂಳೆಮುರಿತ ಶೇ. 33ರಷ್ಟು, ಅದರಲ್ಲೂ ಸೊಂಟದ ಮೂಳೆಮುರಿತ ಶೇ. 46ರಷ್ಟು ಕಡಿಮೆಯಾಯಿತು. ಮಜ್ಜಿಗೆಯಿಲ್ಲದೆ ಊಟ ಮುಗಿಯದ ಕನ್ನಡ ನಾಡಿನಲ್ಲಿ ಈ ಉಪಾಯ ದುಬಾರಿಯೂ ಅಲ್ಲ, ಅಪರಿಚಿತವೂ ಅಲ್ಲ. ಹಲ್ಲಿಲ್ಲದವರಿಗೆ ರಾಗಿ ಅಂಬಲಿ, ಮೆತ್ತಗೆ ಕಲಸಿದ ಮೊಸರನ್ನ, ಚೆನ್ನಾಗಿ ಬೆಂದ ತೊವ್ವೆ ಹಿತವಾಗಿರುತ್ತವೆ. ರಾತ್ರಿ ಊಟ ಸಂಜೆ ಆರಕ್ಕೇ ಮುಗಿದು ಮರುದಿನ ಎಂಟರವರೆಗೆ ಏನೂ ಇಲ್ಲದಿದ್ದರೆ, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರಿಗೆ ಆ ಅಂತರವೇ ಅಪಾಯ.

ಆಯ್ಕೆಯ ಸ್ವಾತಂತ್ರ್ಯದ ಪರಿಣಾಮವನ್ನು ಮೊದಲು ಪರೀಕ್ಷಿಸಿದವರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಪ್ರಮುಖರು. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಆರೈಕೆ ಕೇಂದ್ರವೊಂದರಲ್ಲಿ ಅವರು ನಡೆಸಿದ ಪ್ರಯೋಗ 1976ರಲ್ಲಿ ಪ್ರಕಟವಾಯಿತು. ಒಂದು ಮಹಡಿಯವರಿಗೆ ನಿಮ್ಮ ದಿನದ ನಿರ್ಧಾರ ನಿಮ್ಮದೇ ಎಂದು ತಿಳಿಸಿ, ಆರಿಸಿಕೊಂಡ ಗಿಡಕ್ಕೆ ಅವರೇ ನೀರುಣಿಸುವಂತೆ ಹೇಳಿದರು. ಇನ್ನೊಂದು ಮಹಡಿಯವರಿಗೆ ಎಲ್ಲವನ್ನೂ ನಾವೇ ನೋಡಿಕೊಳ್ಳುತ್ತೇವೆ ಎಂದು ಗಿಡ ಕೊಟ್ಟು, ನೀರು ಹಾಕುವ ಕೆಲಸವನ್ನು ನರ್ಸ್‌ಗಳಿಗೆ ವಹಿಸಿದರು. ಮೊದಲ ಗುಂಪಿನವರು ಹೆಚ್ಚು ಚುರುಕಾಗಿ, ಹೆಚ್ಚು ಗೆಲುವಾಗಿ ಕಂಡುಬಂದರು. ಅವರಲ್ಲಿ ಸಾವೂ ಕಡಿಮೆಯೆಂದು ಮುಂದೆ ವರದಿಯಾದರೂ, ಆ ಅಂತರ ಮೊದಲು ಹೇಳಿದಷ್ಟು ಬಲವಾದುದಲ್ಲವೆಂದು ಬಳಿಕ ತಿದ್ದುಪಡಿ ಪ್ರಕಟವಾಯಿತು. ಪ್ರಯೋಗ ಚಿಕ್ಕದಾದರೂ ಅದು ಎತ್ತಿದ ಪ್ರಶ್ನೆ ಈ ಕ್ಷೇತ್ರದ ದಿಕ್ಕನ್ನು ಬದಲಿಸಿತು.

ವೈದ್ಯ ಬಿಲ್ ಥಾಮಸ್ 1991ರಲ್ಲಿ ನ್ಯೂಯಾರ್ಕ್ ರಾಜ್ಯದ ನ್ಯೂ ಬರ್ಲಿನ್ ಪಟ್ಟಣದ ಚೇಸ್ ಮೆಮೋರಿಯಲ್ ಕೇಂದ್ರಕ್ಕೆ ಹಕ್ಕಿಗಳು, ನಾಯಿಗಳು, ಗಿಡಗಳು ಹಾಗೂ ಮಕ್ಕಳನ್ನು ಕರೆತಂದರು. ಒಂಟಿತನ, ಅಸಹಾಯಕತೆ, ಬೇಸರ ಈ ಮೂರೇ ನಿವಾಸಿಗಳನ್ನು ಕೊಲ್ಲುವ ಪಿಡುಗುಗಳೆಂದು ಅವರ ವಾದ. ಹತ್ತು ಹನ್ನೆರಡು ಮಂದಿ ಒಂದೇ ಅಡುಗೆಮನೆಯ ಸುತ್ತ ಬಾಳುವ ಅವರ ಗ್ರೀನ್ ಹೌಸ್ ಮಾದರಿಯ ಮೊದಲ ಮನೆಗಳು 2003ರಲ್ಲಿ ಮಿಸಿಸಿಪಿಯ ಟುಪೆಲೊದಲ್ಲಿ ತೆರೆದವು. ನೆದರ್ಲೆಂಡ್ಸ್‌ನ ವೇಸ್ಪ್‌ನಲ್ಲಿರುವ ಹೊಖೆವೇಯ್ಕ್, ಡಿಮೆನ್ಷಿಯಾ ಇರುವವರಿಗೆಂದೇ ಕಟ್ಟಿದ ಹಳ್ಳಿ. ಅಲ್ಲಿ ಅಂಗಡಿ, ಹೋಟೆಲು, ರಂಗಮಂದಿರ, ಬೀದಿಗಳಿದ್ದು ನಿವಾಸಿಗಳು ಆವರಣದೊಳಗೆ ಮನಬಂದಂತೆ ಓಡಾಡಬಹುದು.

ಸಿಬ್ಬಂದಿ ಮತ್ತು ಸುರಕ್ಷತೆ

ನಿವಾಸಿಯ ದಿನ ಹೇಗೆ ಕಳೆಯುತ್ತದೆಂಬುದು ಬಹುಪಾಲು ಆಯಾ, ಅಟೆಂಡರ್, ನರ್ಸ್‌ಗಳ ಕೈಯಲ್ಲಿದೆ. ಡಯಾಪರ್ ಬದಲಿಸುವುದು, ಎತ್ತಿ ಕೂರಿಸುವುದು, ತುತ್ತು ಉಣಿಸುವುದು ಇವೆಲ್ಲ ಬೆನ್ನು ಮುರಿಯುವ ಕೆಲಸಗಳು. ಸಂಬಳ ಕಡಿಮೆ, ತರಬೇತಿ ಕಡಿಮೆ, ರಾತ್ರಿ ಪಾಳಿಯಲ್ಲಿ ಜನವೂ ಕಡಿಮೆ. ಒಬ್ಬ ಆಯಾ ಇಪ್ಪತ್ತು ಮಂದಿಯನ್ನು ನೋಡಿಕೊಳ್ಳಬೇಕಾದಲ್ಲಿ ಸಾವಧಾನವಾಗಿ ಉಣಿಸುವುದು ಅಸಾಧ್ಯ. ಸಂಸ್ಥೆಗಳ ಸಿಬ್ಬಂದಿಯಲ್ಲಿ ಮೂವರಲ್ಲಿ ಇಬ್ಬರು ಹಿಂದಿನ ಒಂದು ವರ್ಷದಲ್ಲಿ ವೃದ್ಧರನ್ನು ಯಾವುದಾದರೊಂದು ಬಗೆಯಲ್ಲಿ ಕೆಟ್ಟದಾಗಿ ನಡೆಸಿಕೊಂಡದ್ದನ್ನು ಒಪ್ಪಿಕೊಂಡಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗದರುವುದು, ಕರೆದರೂ ಬಾರದಿರುವುದು, ಇತರರ ಮುಂದೆ ಬಟ್ಟೆ ಬದಲಿಸುವುದೂ ದೌರ್ಜನ್ಯವೇ. ಸಿಬ್ಬಂದಿಯ ಘನತೆ ಕಾಯದ ಸಂಸ್ಥೆ ನಿವಾಸಿಯ ಘನತೆಯನ್ನೂ ಕಾಯಲಾರದು.

ಈ ವ್ಯವಸ್ಥೆಯ ಬಿರುಕುಗಳನ್ನು 2020ರ ಕೋವಿಡ್ ಬಯಲಿಗೆಳೆಯಿತು. ಯುರೋಪಿನ ಕೋವಿಡ್ ಸಾವುಗಳಲ್ಲಿ ಅರ್ಧದಷ್ಟು ದೀರ್ಘಕಾಲದ ಆರೈಕೆ ಕೇಂದ್ರಗಳ ನಿವಾಸಿಗಳದಿರಬಹುದೆಂದು ಆ ವರ್ಷದ ಏಪ್ರಿಲ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ ತಿಳಿಸಿತು. ಸೋಂಕು ತಡೆಯಲು ಮಕ್ಕಳು, ಬಂಧುಗಳ ಭೇಟಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿದ್ದು ಜೀವಗಳನ್ನು ಉಳಿಸಿರಬಹುದಾದರೂ, ಅನೇಕರನ್ನು ಕೊನೆಗಾಲದಲ್ಲಿ ಒಂಟಿಯಾಗಿಸಿತು.

ಭಾರತ ಮತ್ತು ಕರ್ನಾಟಕ

2011ರ ಜನಗಣತಿಯಂತೆ ಭಾರತದಲ್ಲಿ 60 ದಾಟಿದವರು ಸುಮಾರು 10.38 ಕೋಟಿ, ಜನಸಂಖ್ಯೆಯ ಶೇ. 8.6. ಕರ್ನಾಟಕದಲ್ಲಿ ಈ ಪ್ರಮಾಣ ಶೇ. 9.5. ಬಹುಪಾಲು ಹಿರಿಯರು ಈಗಲೂ ಮಕ್ಕಳೊಡನೆಯೋ ಸಂಗಾತಿಯೊಡನೆಯೋ ಇದ್ದಾರೆ. ಆದರೆ ಮಕ್ಕಳು ಬೆಂಗಳೂರು, ಮುಂಬಯಿ, ಕೊಲ್ಲಿ ದೇಶ, ಅಮೆರಿಕಗಳಿಗೆ ಹೋದ ಮೇಲೆ ಮಲೆನಾಡು, ಕರಾವಳಿಯ ದೊಡ್ಡ ಮನೆಗಳಲ್ಲಿ ಇಬ್ಬರೇ ಉಳಿದು, ಅವರಲ್ಲೊಬ್ಬರು ತೀರಿಕೊಂಡಾಗ ಇನ್ನೊಬ್ಬರಿಗೆ ಆಶ್ರಮದ ಯೋಚನೆ ಬರುತ್ತದೆ. ಮಕ್ಕಳಿಲ್ಲದವರು, ವಿಧವೆಯರು, ಮದುವೆಯಾಗದವರು, ಬೀದಿಪಾಲಾದವರು ಧರ್ಮಾರ್ಥ ಆಶ್ರಮಗಳಿಗೆ ಬರುತ್ತಾರೆ. ಅನುಕೂಲಸ್ಥರಿಗೆ ತಿಂಗಳ ಶುಲ್ಕದ ನಿವಾಸಗಳಿವೆ. ಎರಡರ ನಡುವಿನ ಮಧ್ಯಮ ವರ್ಗದವರಿಗೆ ಆಯ್ಕೆ ಕಡಿಮೆ. ಹಾಸಿಗೆ ಹಿಡಿದವರನ್ನೂ ಡಿಮೆನ್ಷಿಯಾ ಇರುವವರನ್ನೂ ಸೇರಿಸಿಕೊಳ್ಳದ ಆಶ್ರಮಗಳು ಹಲವು. ಆರೈಕೆ ಅತ್ಯಂತ ಅಗತ್ಯವಾದ ಹೊತ್ತಿನಲ್ಲೇ ಬಾಗಿಲು ಮುಚ್ಚುವುದು ನಮ್ಮ ವ್ಯವಸ್ಥೆಯ ದೊಡ್ಡ ಕೊರತೆ.

ಪೋಷಕರ ಮತ್ತು ಹಿರಿಯ ನಾಗರಿಕರ ಜೀವನಾಂಶ ಹಾಗೂ ಕಲ್ಯಾಣ ಕಾಯ್ದೆ 2007ರಲ್ಲಿ ಬಂತು. ಜಿಲ್ಲೆಗೊಂದರಂತೆ ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ಸಾಲುವ ವೃದ್ಧಾಶ್ರಮಗಳನ್ನು ರಾಜ್ಯ ಸರ್ಕಾರಗಳು ಹಂತಹಂತವಾಗಿ ಸ್ಥಾಪಿಸಬಹುದೆಂದು ಅದರ 19ನೆಯ ವಿಧಿ ಹೇಳುತ್ತದೆ. ಸ್ಥಾಪಿಸಲೇಬೇಕೆಂಬ ಕಟ್ಟಳೆ ಅದರಲ್ಲಿಲ್ಲ. ಡಿಸೆಂಬರ್ 2018ರಲ್ಲಿ ಅಶ್ವನಿ ಕುಮಾರ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಪ್ರತಿ ಜಿಲ್ಲೆಯ ವೃದ್ಧಾಶ್ರಮಗಳ ಮತ್ತು ಅಲ್ಲಿನ ವೈದ್ಯಕೀಯ ಸೌಲಭ್ಯಗಳ ಮಾಹಿತಿ ಕಲೆಹಾಕುವಂತೆ ಕೇಂದ್ರಕ್ಕೆ ಸೂಚಿಸಿತು. ಅಕ್ಟೋಬರ್ 2024ರಲ್ಲಿ ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತ್ ಅಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆಯನ್ನು 70 ತುಂಬಿದವರೆಲ್ಲರಿಗೂ ವಿಸ್ತರಿಸಿತು. ಆದರೆ ಆಸ್ಪತ್ರೆಯಿಂದ ಬಂದ ಮೇಲಿನ ದೀರ್ಘ ಆರೈಕೆಯ ವೆಚ್ಚ ಅದರಲ್ಲಿ ಸೇರಿಲ್ಲ. ದೂರು, ಸಲಹೆಗಳಿಗೆ 14567 ರಾಷ್ಟ್ರೀಯ ಹಿರಿಯರ ಸಹಾಯವಾಣಿ ಇದೆ.

ಬೆಂಗಳೂರಿನಲ್ಲಿ 1998ರಲ್ಲಿ ಹುಟ್ಟಿದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಡಿಮೆನ್ಷಿಯಾ ಆರೈಕೆಗೆ ಪ್ರತ್ಯೇಕ ಕೇಂದ್ರವನ್ನು ನಡೆಸುತ್ತಿದೆ. ಅಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ವೃದ್ಧರ ಮನೋವೈದ್ಯಕೀಯ ಸೇವೆ ಒದಗಿಸುತ್ತಿದೆ. ಗುಣವಾಗದ ಕ್ಯಾನ್ಸರ್ ರೋಗಿಗಳಿಗೆ ಕರುಣಾಶ್ರಯ ಎಂಬ ಸಂಸ್ಥೆ ಉಚಿತ ಉಪಶಾಮಕ ಆರೈಕೆ ಕೊಡುತ್ತಿದ್ದು, ನೋವು ನಿವಾರಣೆಯ ಆ ಅನುಭವ ವೃದ್ಧಾಶ್ರಮಗಳಿಗೂ ಪಾಠವಾಗಬಲ್ಲದು. ಘನತೆಯಿಂದ ಸಾಯುವ ಹಕ್ಕನ್ನು, ಅದರೊಂದಿಗೆ ಮುಂಚಿತ ವೈದ್ಯಕೀಯ ಉಯಿಲನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿ, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕ ಸರ್ಕಾರ ಜನವರಿ 2025ರಲ್ಲಿ ಇದರ ಜಾರಿಗೆ ಆದೇಶ ಹೊರಡಿಸಿತು. ವೆಂಟಿಲೇಟರ್ ಬೇಕೇ, ಕೊನೆಯುಸಿರು ಎಲ್ಲಿ, ಯಾರು ಹತ್ತಿರವಿರಬೇಕು ಎಂಬುದನ್ನು ನಿವಾಸಿಯೊಡನೆ ಬುದ್ಧಿ ಸ್ತಿಮಿತದಲ್ಲಿರುವಾಗಲೇ ಮಾತಾಡಿ ಬರೆದಿಡುವುದು ಇನ್ನು ಆಶ್ರಮಗಳ ಕರ್ತವ್ಯವಾಗಬೇಕು.

ಮುಂದಿನ ದಾರಿ

ತಪಾಸಣೆಗೆ ಬರುವ ಅಧಿಕಾರಿಗಳು ಕಟ್ಟಡ, ಮಂಚ, ಅಡುಗೆಮನೆ, ಲೆಕ್ಕಪತ್ರಗಳನ್ನು ನೋಡುತ್ತಾರೆ. ಇವು ಅಗತ್ಯ, ಆದರೆ ಸಾಲವು. ಎಲ್ಲ ಆಶ್ರಮಗಳ ಕಡ್ಡಾಯ ನೋಂದಣಿ, ನಿವಾಸಿಗಳಿಗೆ ತಕ್ಕ ಸಂಖ್ಯೆಯ ತರಬೇತಾದ ಸಿಬ್ಬಂದಿ ಮತ್ತು ಅವರಿಗೆ ನ್ಯಾಯವಾದ ಸಂಬಳ, ಬೀಳುವಿಕೆ ಹಾಗೂ ಹಾಸಿಗೆ ಹುಣ್ಣಿನ ಬಹಿರಂಗ ದಾಖಲೆ, ಆರು ತಿಂಗಳಿಗೊಮ್ಮೆ ಔಷಧಿಗಳ ಪುನರ್ವಿಮರ್ಶೆ, ಹಾಸಿಗೆ ಹಿಡಿದವರಿಗೂ ಪ್ರವೇಶ ಇವು ಮೊದಲ ಹೆಜ್ಜೆಗಳು. ಇವುಗಳ ಜೊತೆಗೆ ಪ್ರತಿ ತಪಾಸಣೆಯಲ್ಲೂ ನಿವಾಸಿಗಳನ್ನು ಸಿಬ್ಬಂದಿಯಿಲ್ಲದ ಕಡೆ ಕೂರಿಸಿ, ಅವರ ಮಾತಿನಲ್ಲಿ, ಅವರ ದಿನ ಹೇಗಿದೆಯೆಂದು ಕೇಳಿ ಬರೆದುಕೊಳ್ಳಬೇಕು. ಆ ಉತ್ತರಗಳಿಗೆ ಬಿ.ಪಿ. ಪುಸ್ತಕಕ್ಕಿರುವಷ್ಟೇ ಬೆಲೆ ಸಿಕ್ಕಾಗ ಮಾತ್ರ ವೃದ್ಧಾಶ್ರಮಗಳಲ್ಲಿ ಆರೋಗ್ಯವನ್ನು ಪೂರ್ತಿಯಾಗಿ ಅಳೆದಂತಾಗುತ್ತದೆ.